ಅಡಗಿ ಕೂತ ಸ್ನೈಪರ್ ಸಿಕ್ಕಿಬೀಳುವುದೇಕೆ? ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಮಲ್ಟಿಪ್ಲೇಯರ್ ಶೂಟರ್ ಆಟಗಳಲ್ಲಿ ಸ್ನೈಪರ್ (ದೂರದಿಂದ ಹೊಡೆಯುವ ಬಂದೂಕು) ಹಿಡಿದವರ ದೂರು ಹೆಚ್ಚುಕಡಿಮೆ ಒಂದೇ: "ಪೊದೆಯೊಳಗೆ ಮಲಗಿದ್ದೆ, ಅಲುಗಾಡಲೂ ಇಲ್ಲ, ಆದರೂ ನೇರ ತಲೆಗೇ ಬಿತ್ತು." ಎದುರಾಳಿ ಚೀಟ್ ಮಾಡಿರಬೇಕು ಎಂಬ ಅನುಮಾನ ಅದರ ಬೆನ್ನಿಗೇ ಬರುತ್ತದೆ. ಸಾಮಾನ್ಯವಾಗಿ ಅಷ್ಟು ದೂರ ಹೋಗಬೇಕಾಗಿಲ್ಲ. ನೀವು ಅಡಗಿರುವುದು ನಿಮ್ಮ ಪರದೆಯಲ್ಲಿ. ಎದುರಾಳಿ ನೋಡುತ್ತಿರುವುದು ತನ್ನ ಪರದೆಯನ್ನು. ಅಲ್ಲಿ ಏನು ಕಂಡಿತು, ಏನು ಕೇಳಿಸಿತು ಎಂದು ಪತ್ತೆ ಮಾಡಿದರೆ ದೋಷ ಸಿಕ್ಕಂತೆ.

ಎಲ್ಲಕ್ಕಿಂತ ಮೊದಲು: ಯಾವ ಗಳಿಗೆಯಲ್ಲಿ ಸತ್ತಿರಿ?

ಸೆಟ್ಟಿಂಗ್ಸ್ ಮುಟ್ಟಬೇಡಿ, ಬಂದೂಕು ಬದಲಿಸಬೇಡಿ. ಮುಂದಿನ ಹತ್ತು ಸಾವುಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ. ಮೂರು ಸಂಗತಿ ಸಾಕು: ಆ ಜಾಗದಿಂದ ಅಷ್ಟರೊಳಗೆ ಎಷ್ಟು ಗುಂಡು ಹಾರಿಸಿದ್ದಿರಿ, ಹೊಡೆತ ಯಾವ ದಿಕ್ಕಿನಿಂದ ಬಂತು, ಆಗ ಸ್ಕೋಪ್ (ಬಂದೂಕಿನ ಮೇಲಿನ ದೂರದರ್ಶಕ) ತೆರೆದಿತ್ತೋ ಇಲ್ಲವೋ.

ಒಂದೂ ಗುಂಡು ಹಾರಿಸುವ ಮೊದಲೇ ಮುಂದಿನಿಂದ ಹೊಡೆತ ಬಿದ್ದರೆ ನೀವು ಕಣ್ಣಿಗೆ ಬಿದ್ದಿದ್ದೀರಿ. ಮೊದಲ ಗುಂಡಿನ ಬೆನ್ನಿಗೇ ಬಿದ್ದರೆ ಸದ್ದು ಅಥವಾ ಗುಂಡಿನ ಗೆರೆ ನಿಮ್ಮನ್ನು ತೋರಿಸಿಕೊಟ್ಟಿದೆ. ಎರಡು ಮೂರು ಗುಂಡಿನ ನಂತರವಾದರೆ ಜಾಗ ಬಿಡದೆ ಕೂತದ್ದೇ ತಪ್ಪು. ಬೆನ್ನಿಗೆ ಬಿದ್ದರೆ ಹೆಜ್ಜೆ ಸದ್ದು ಇಲ್ಲವೇ ಮಿನಿಮ್ಯಾಪ್ (ಪರದೆಯ ಮೂಲೆಯ ಸಣ್ಣ ನಕ್ಷೆ) ನಿಮ್ಮನ್ನು ತೋರಿಸಿಕೊಟ್ಟಿದೆ. ಗೋಡೆಯ ಅಂಚಿನಲ್ಲಿ ಇಣುಕುವಾಗ ಬಿದ್ದರೆ ಅದು ಕೋನದ ಲೆಕ್ಕ.

ಈ ವಿಂಗಡಣೆ ಬಿಟ್ಟು ನೇರ ಪರಿಹಾರಕ್ಕೆ ಹಾರಿದರೆ ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಎಳೆದಂತಾಗುತ್ತದೆ. ಸ್ಕೋಪಿನ ಹೊಳಪಿನಿಂದ ಸಾಯುತ್ತಿರುವವರು ಸಪ್ರೆಸರ್ (ಸದ್ದು ತಗ್ಗಿಸುವ ನಳಿಗೆ) ಹಾಕಿಕೊಂಡು, ಗುಂಡಿನ ವೇಗ ಕಡಿಮೆ ಮಾಡಿಕೊಂಡು, ಮೊದಲಿನಷ್ಟೇ ಸಾಯುವುದು ಮಾಮೂಲಿ.

ಕಿಲ್‌ಕ್ಯಾಮ್ (ಕೊಂದವರ ಕಣ್ಣಿನಿಂದ ನಿಮ್ಮ ಸಾವನ್ನು ಮತ್ತೆ ತೋರಿಸುವ ದೃಶ್ಯ) ಇರುವ ಆಟದಲ್ಲಿ ಅದನ್ನು ಸ್ಕಿಪ್ ಮಾಡಬೇಡಿ. ಕೊಂದವನ ಗುರಿ ನಿಮ್ಮತ್ತ ಹೊರಳಿದ ಕ್ಷಣಕ್ಕೆ ಸ್ವಲ್ಪ ಮೊದಲು ಏನಾಯಿತು ಎಂಬುದನ್ನು ಗಮನಿಸಿ. ಪಬ್‌ಜಿ, ಫೋರ್ಟ್‌ನೈಟ್‌ನಲ್ಲಿ ರೀಪ್ಲೇ ಇದೆ, ಕೌಂಟರ್-ಸ್ಟ್ರೈಕ್ 2ರಲ್ಲಿ ಡೆಮೊ (ಮ್ಯಾಚ್‌ನ ಮುದ್ರಿಕೆ) ಇಳಿಸಿಕೊಳ್ಳಬಹುದು. ಒಂದು ಎಚ್ಚರ: ರೀಪ್ಲೇ ನಿಮ್ಮ ಯಂತ್ರದಲ್ಲಿ, ನಿಮ್ಮ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲೇ ಮೂಡುತ್ತದೆ. ಅದರಲ್ಲಿ ಹುಲ್ಲು ದಟ್ಟವಾಗಿ ಕಂಡಿತೆಂದರೆ ಎದುರಾಳಿಗೂ ಹಾಗೇ ಕಂಡಿತ್ತು ಎಂದಲ್ಲ.

ಇದಕ್ಕಿಂತ ಖಚಿತವಾದ ಪರೀಕ್ಷೆಗೆ ಹದಿನೈದು ನಿಮಿಷ ಸಾಕು. ಕಸ್ಟಮ್ ಮ್ಯಾಚ್ ತೆರೆದು ಗೆಳೆಯರೊಬ್ಬರನ್ನು 50, 100, 200 ಮೀಟರ್ ದೂರದಲ್ಲಿ ನಿಲ್ಲಿಸಿ. ನೀವು ಮಲಗಿ, ಕೂತು, ಸ್ಕೋಪ್ ತೆರೆದು, ಮುಚ್ಚಿ. ಪ್ರತಿ ಸಲವೂ ಅವರಿಂದ ಸ್ಕ್ರೀನ್‌ಶಾಟ್ ತೆಗೆಸಿ. ಒಮ್ಮೆ ಗ್ರಾಫಿಕ್ಸ್ ಪೂರ್ತಿ ಏರಿಸಿ, ಇನ್ನೊಮ್ಮೆ ಪೂರ್ತಿ ಇಳಿಸಿ ತೆಗೆಯಲಿ.

ಲಕ್ಷಣ: ಒಂದೂ ಗುಂಡು ಹಾರಿಸಿಲ್ಲ, ಆದರೂ ಎದುರಿನವರು ನೇರ ನನ್ನತ್ತಲೇ ನೋಡುತ್ತಾರೆ

ಮೊದಲು ಅನುಮಾನಿಸಬೇಕಾದದ್ದು ಸ್ಕೋಪ್ ಗ್ಲಿಂಟ್. ಬ್ಯಾಟಲ್‌ಫೀಲ್ಡ್ ಸರಣಿಯಲ್ಲಿ, ವಾರ್‌ಝೋನ್‌ನಲ್ಲಿ ಹೆಚ್ಚು ಜೂಮ್ ಇರುವ ಸ್ಕೋಪ್ ತೆರೆದು ಯಾರತ್ತಲಾದರೂ ಗುರಿಯಿಟ್ಟರೆ, ಅವರ ಪರದೆಯಲ್ಲಿ ಆ ಜಾಗದಿಂದ ಬಿಳಿ ಬೆಳಕು ಮಿಂಚುತ್ತದೆ. ಅದು ನಿಮಗೆ ಕಾಣುವುದಿಲ್ಲ. ತೊಂದರೆಯ ಮೂಲ ಅದೇ. ಸೂರ್ಯ ಬೆನ್ನಿಗಿದ್ದರೆ ಮಿಂಚದು ಎಂದು ಲೆಕ್ಕ ಹಾಕುವವರಿದ್ದಾರೆ. ನಿಜ ಜೀವನದಲ್ಲಿ ಆ ಮಾತಿಗೆ ಅರ್ಥವಿದೆ. ಆಟದಲ್ಲಿ ಇದು ಸ್ನೈಪರ್‌ಗಳ ಬಲ ಮಿತಿಯಲ್ಲಿರಲಿ ಎಂದು ಬೇಕೆಂದೇ ಹಾಕಿದ ಗುರುತು, ನೆರಳಲ್ಲಿ ಕೂತರೂ ಮಿಂಚುತ್ತದೆ.

ಪರೀಕ್ಷೆ ಸುಲಭ. ಮುಂದಿನ ಎರಡು ಮ್ಯಾಚ್‌ಗಳಲ್ಲಿ ಸ್ಕೋಪ್ ತೆರೆದ ಮೇಲೆ ಮನಸ್ಸಿನಲ್ಲೇ ಎಣಿಸಿ, ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಮೈದಾನವನ್ನು ಬರಿಗಣ್ಣಿನಿಂದ ಹುಡುಕಿ, ಗುರಿ ಸಿಕ್ಕ ಮೇಲೆ ತೆರೆದು, ಹೊಡೆದು, ಮುಚ್ಚಿ. ಸಾವು ತಗ್ಗಿದರೆ ದೋಷ ಗ್ಲಿಂಟ್‌ನದೇ. ಆಮೇಲೆ ಕಡಿಮೆ ಜೂಮ್‌ನ ಸ್ಕೋಪ್‌ಗೆ ಇಳಿಯಿರಿ. ಮಿಂಚದ ಸ್ಕೋಪ್ ಯಾವುದೆಂದು ಗೆಳೆಯರೊಂದಿಗಿನ ಪರೀಕ್ಷೆಯೇ ಹೇಳುತ್ತದೆ. ಬ್ಯಾಟಲ್‌ಫೀಲ್ಡ್ 1ರಲ್ಲಿ ಸ್ನೈಪರ್ ಬಂದೂಕುಗಳಿಗೆ ಸ್ಕೋಪ್ ಇಲ್ಲದೆ ಬರೀ ಐರನ್ ಸೈಟ್ ಇರುವ ಇನ್‌ಫೆಂಟ್ರಿ ಆವೃತ್ತಿಗಳಿದ್ದವು. ಹತ್ತಿರದ ಹೋರಾಟದಲ್ಲಿ ಅವುಗಳನ್ನೇ ನೆಚ್ಚಿದವರಿಗೆ ಈ ಮಿಂಚಿನ ಕಾಟವೇ ಇರಲಿಲ್ಲ.

ಟೀಮ್ ಫೋರ್ಟ್ರೆಸ್ 2ರಲ್ಲಿ ಇದೇ ರೋಗಕ್ಕೆ ಬೇರೆ ರೂಪ. ಸ್ಕೋಪ್ ತೆರೆದೊಡನೆ ನಿಮ್ಮ ತಂಡದ ಬಣ್ಣದ ಲೇಸರ್ ಚುಕ್ಕೆ ಎದುರಿನ ಗೋಡೆಯ ಮೇಲೆ ಬೀಳುತ್ತದೆ, ಚಾರ್ಜ್ (ಹೊಡೆತದ ಬಲ) ಏರಿದಂತೆ ಪ್ರಖರವಾಗುತ್ತದೆ. ಬಾಗಿಲ ಪಕ್ಕದ ಗೋಡೆಗೆ ಚುಕ್ಕೆ ನೆಟ್ಟು ಕಾಯುವುದೆಂದರೆ ಬರುವವರಿಗೆ ಕಾಗದ ಬರೆದು ತಿಳಿಸಿದಂತೆ. ಚುಕ್ಕೆಯನ್ನು ಆಕಾಶಕ್ಕೋ, ಅವರಿಗೆ ಮರೆಯಾಗುವ ಮೇಲ್ಮೈಗೋ ಇಟ್ಟು, ಗುರಿ ಬಂದಾಗ ಕೊನೆಯ ಅಳತೆಯಷ್ಟನ್ನು ಮಾತ್ರ ಎಳೆಯಿರಿ.

ಸ್ಕೋಪ್ ಮುಚ್ಚಿದ್ದಾಗಲೂ ಸಿಕ್ಕಿಬೀಳುತ್ತಿದ್ದೀರಾ? ಹಾಗಾದರೆ ಹುಲ್ಲನ್ನು ನೋಡಿ. ಯಂತ್ರದ ಹೊರೆ ಇಳಿಸಲು ಆಟಗಳು ಹುಲ್ಲನ್ನು ಆಟಗಾರನ ಸುತ್ತ ಒಂದಿಷ್ಟು ದೂರದವರೆಗೆ ಮಾತ್ರ ಬಿಡಿಸುತ್ತವೆ. ಅದರಾಚೆ ಬರೀ ನೆಲ, ಆದರೆ ಮನುಷ್ಯಾಕೃತಿ ಮಾತ್ರ ಪೂರ್ತಿ ಕಾಣುತ್ತದೆ. ಪಬ್‌ಜಿಯ ಬಯಲಿನಲ್ಲಿ ಮಲಗಿದವರಿಗೆ ಮೂಗಿನ ಮುಂದೆ ಎತ್ತರದ ಹುಲ್ಲು, 300 ಮೀಟರ್ ಆಚೆಯವರಿಗೆ ಬೋಳು ಗುಡ್ಡದ ಮೇಲೆ ಬಿದ್ದುಕೊಂಡ ಒಂದು ಮೈ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಹುಲ್ಲಿನ ನಂಬಿಕೆ ಹತ್ತಿರದವರನ್ನು ತಪ್ಪಿಸಲು ಮಾತ್ರ. ದೂರದವರಿಂದ ಅಡಗಲು ಬಂಡೆ, ಮರದ ಕಾಂಡ, ಗೋಡೆ, ನೆಲದ ಉಬ್ಬು ಬೇಕು. ಇವು ಸಾಮಾನ್ಯವಾಗಿ ದೂರದಿಂದಲೂ ಮಾಯವಾಗುವುದಿಲ್ಲ. ಮರದ ಎಲೆ, ಪೊದೆಗಳ ವಿಷಯ ಆಟದಿಂದ ಆಟಕ್ಕೆ ಬೇರೆ, ಪರೀಕ್ಷಿಸಿಯೇ ನಂಬಿ.

ಮುಂದಿನದು ಹಿನ್ನೆಲೆ. ಗುಡ್ಡದ ನೆತ್ತಿ, ಮಹಡಿಯ ಕಟ್ಟೆ, ಗೋಪುರದ ತುದಿ: ಇಲ್ಲೆಲ್ಲ ತಲೆಯ ಹಿಂದೆ ಆಕಾಶ ಇರುತ್ತದೆ. ತಿಳಿ ಬಣ್ಣದ ಮೇಲೆ ಕಪ್ಪು ಆಕಾರ ಅಲುಗಿದರೆ ಎಂಥವರ ಕಣ್ಣಿಗೂ ಬೀಳುತ್ತದೆ. ನೆತ್ತಿಯಿಂದ ನಾಲ್ಕೈದು ಮೀಟರ್ ಕೆಳಗಿಳಿದರೆ ಹಿಂದೆ ಮಣ್ಣು ಬರುತ್ತದೆ, ನೋಟ ಹೆಚ್ಚೇನೂ ಕಡಿಮೆಯಾಗದು. ಕಿಟಕಿಯಾದರೆ ಚೌಕಟ್ಟಿಗೆ ಅಂಟಿಕೊಳ್ಳದೆ ಕೋಣೆಯ ಒಳಗೆ ಎರಡು ಮೂರು ಮೀಟರ್ ಹಿಂದೆ ನಿಲ್ಲಿ. ನೋಡುವ ಕೋನ ಕಿರಿದಾಗುತ್ತದೆ, ಆದರೆ ನಿಮ್ಮನ್ನು ನೋಡಬಲ್ಲ ಜಾಗಗಳೂ ಅಷ್ಟೇ ಕಿರಿದಾಗುತ್ತವೆ.

ಬಣ್ಣದ ಮಾತು. ದುಡ್ಡು ಕೊಟ್ಟು ಕೊಂಡ ಹೊಳೆಯುವ ಸ್ಕಿನ್, ಚಿನ್ನದ ಬಂದೂಕು ಲಾಬಿಯಲ್ಲಿ ಚೆಂದ. ಮ್ಯಾಪಿಗೆ ಹೊಂದುವ ಮಂಕು ಬಣ್ಣಕ್ಕೆ ಬದಲಿಸುವುದು ಈ ಪಟ್ಟಿಯಲ್ಲೇ ಅತಿ ಅಗ್ಗದ ರಿಪೇರಿ. ಬಣ್ಣ ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ ವಾರ್‌ಝೋನ್‌ನ ರೋಝ್ ಪಾತ್ರದ ಕಡುಗಪ್ಪು ಸ್ಕಿನ್ ನೆನಪಿಸಿಕೊಳ್ಳಬಹುದು: ಕತ್ತಲ ಮೂಲೆಗಳಲ್ಲಿ ಕಾಣುವುದೇ ಇಲ್ಲ ಎಂಬ ಗಲಾಟೆ ಎಷ್ಟು ಜೋರಾಯಿತೆಂದರೆ, ಆಟ ತಯಾರಿಸಿದವರೇ ಅದನ್ನು ತಿಳಿಗೊಳಿಸಬೇಕಾಯಿತು. ಘಿಲ್ಲಿ ಸೂಟ್ (ಎಲೆ ಹುಲ್ಲಿನಂತೆ ಕಾಣುವ ಮರೆಯುಡುಗೆ) ಮಾತ್ರ ಅದಕ್ಕಿರುವ ಹೆಸರಿನಷ್ಟು ಕೆಲಸ ಮಾಡುವುದಿಲ್ಲ. ಹಸಿರು ಸೂಟ್ ತೊಟ್ಟು ಮರಳಿನ ಮೇಲೆ ಮಲಗಿದರೆ ಪೊದೆಯೊಂದು ದಾರಿ ತಪ್ಪಿ ಬಂದಂತೆ ಕಾಣುತ್ತದೆ. ಮಲಗಿದಲ್ಲೇ ಹೊರಳಾಡಿದರೆ ಸೂಟ್ ಇದ್ದೂ ಇಲ್ಲದಂತೆ, ಏಕೆಂದರೆ ಕಣ್ಣು ಬಣ್ಣಕ್ಕಿಂತ ಮೊದಲು ಹಿಡಿಯುವುದು ಚಲನೆಯನ್ನು.

ಇನ್ನೊಂದು ಸಣ್ಣ ಸಂಗತಿ: ಕೆಲವು ಆಟಗಳಲ್ಲಿ ಮಲಗಿದಾಗ ಕಾಲು, ಬಂದೂಕಿನ ನಳಿಗೆ ಗೋಡೆ ಬಾಗಿಲುಗಳನ್ನು ತೂರಿ ಆಚೆ ಕಾಣುತ್ತವೆ. ಕೌಂಟರ್-ಸ್ಟ್ರೈಕ್ 2ರಲ್ಲಿ ಮೂಲೆಯ ಆಚೆ ಬೀಳುವ ನೆರಳೂ ಸುಳಿವು ಕೊಡುತ್ತದೆ. ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ಒಮ್ಮೆ ನೋಡಿ ನಿಲ್ಲಿ.

ಲಕ್ಷಣ: ಮೊದಲ ಗುಂಡು ಹಾರಿಸಿದ ಕೂಡಲೇ ಎಲ್ಲರಿಗೂ ಗೊತ್ತಾಗುತ್ತದೆ

ಮೊದಲು ಮಿನಿಮ್ಯಾಪ್. ಹಲವು ಕಾಲ್ ಆಫ್ ಡ್ಯೂಟಿ ಆಟಗಳಲ್ಲಿ, ಬ್ಯಾಟಲ್‌ಫೀಲ್ಡ್ 4ರಂಥವುಗಳಲ್ಲಿ ಸಪ್ರೆಸರ್ ಇಲ್ಲದೆ ಹಾರಿಸಿದರೆ ಎದುರಾಳಿಯ ಮಿನಿಮ್ಯಾಪ್ ಮೇಲೆ ಕೆಂಪು ಗುರುತು ಮೂಡುತ್ತದೆ. ಇಲ್ಲಿ ಸಪ್ರೆಸರ್ ನಿಜವಾದ ಪರಿಹಾರ. ಬೆಲೆ ಏನೆಂದರೆ ಗುಂಡಿನ ವೇಗವೋ ದೂರದ ಏಟಿನ ಬಲವೋ ತಗ್ಗಬಹುದು, ಗುರಿಯ ಅಂದಾಜು ಮತ್ತೆ ಕಲಿಯಬೇಕು.

ನಂತರ ಗುಂಡಿನ ಗೆರೆ. ವಾಲರಂಟ್‌ನಲ್ಲಿ ಫ್ಯಾಂಟಮ್‌ನಂಥ ಸಪ್ರೆಸರ್ ಬಂದೂಕುಗಳ ಟ್ರೇಸರ್ (ಗುಂಡಿನ ಗೆರೆ) ಎದುರಾಳಿಗೆ ಕಾಣುವುದಿಲ್ಲ, ಆಪರೇಟರ್ ಎಂಬ ಸ್ನೈಪರ್‌ನದು ಕಾಣುತ್ತದೆ. ಓವರ್‌ವಾಚ್‌ನ ಸ್ನೈಪರ್ ಪಾತ್ರ ವಿಡೋಮೇಕರ್ ಹೊಡೆದರೆ ಗೆರೆ ನೇರ ಅವಳ ಬಂದೂಕಿನವರೆಗೆ ಓದಿಕೊಂಡು ಹೋಗಬಹುದು. ಟೀಮ್ ಫೋರ್ಟ್ರೆಸ್ 2ರಲ್ಲಿ ಮಷೀನಾ ಎಂಬ ಬಂದೂಕಿಗೆ ಟ್ರೇಸರ್ ಉಂಟು, ಸಾದಾ ಸ್ನೈಪರ್ ರೈಫಲ್‌ಗೆ ಇಲ್ಲ, ಬದಲಿಸಿದರೆ ಮುಗಿಯಿತು. ಬದಲಿಸಲಾಗದ ಆಟಗಳಲ್ಲಿ ಗೆರೆ ಕಾಣುವುದನ್ನು ತಡೆಯಲಾಗದು, ಗೆರೆ ಕಂಡಾಗ ನೀವು ಅಲ್ಲಿರದಂತೆ ನೋಡಿಕೊಳ್ಳಬಹುದು. ಅದು ಮುಂದಿನ ಭಾಗದ ಮಾತು.

ಗೆರೆಯೂ ಇಲ್ಲ, ಮಿನಿಮ್ಯಾಪ್ ಗುರುತೂ ಇಲ್ಲ ಎಂದಾದರೆ ಉಳಿದದ್ದು ಸದ್ದು. ಪಬ್‌ಜಿಯಂಥ ಆಟಗಳಲ್ಲಿ ಗುಂಡು ಪಕ್ಕದಲ್ಲಿ ಹಾದ ಛಟ್ ಶಬ್ದ ಮೊದಲು ಬರುತ್ತದೆ, ಬಂದೂಕಿನ ಢಂ ಆಮೇಲೆ. ಎರಡರ ನಡುವಿನ ಬಿಡುವು ದೂರವನ್ನು ಹೇಳುತ್ತದೆ. ಪಬ್‌ಜಿಯ ಕಾರ್98ಕೆ ರೈಫಲ್‌ನ ಗುಂಡಿನ ವೇಗ ಸೆಕೆಂಡಿಗೆ 760 ಮೀಟರ್. 400 ಮೀಟರ್ ಸಾಗಲು ಅದಕ್ಕೆ ಅರ್ಧ ಸೆಕೆಂಡ್‌ಗಿಂತ ತುಸು ಹೆಚ್ಚು ಬೇಕು. ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವ ಶಬ್ದಕ್ಕೆ ಅಷ್ಟೇ ದೂರಕ್ಕೆ 1.2 ಸೆಕೆಂಡ್‌ನಷ್ಟು. ಪಳಗಿದ ಕಿವಿಗೆ ಈ ಮುಕ್ಕಾಲು ಸೆಕೆಂಡಿನೊಳಗಿನ ಬಿಡುವೇ ಸಾಕು. ಸಪ್ರೆಸರ್ ಢಂ ಅನ್ನು ನುಂಗುತ್ತದೆ, ಛಟ್ ಅನ್ನಲ್ಲ. ಹಾಗಾಗಿ ಗುರಿ ತಪ್ಪಿದ ಗುಂಡು ಎಚ್ಚರಿಕೆಯನ್ನಂತೂ ಕೊಡುತ್ತದೆ, ದಿಕ್ಕನ್ನು ಮಾತ್ರ ಕೊಡುವುದಿಲ್ಲ. ಬೇರೆಡೆ ಗುಂಡಿನ ಚಕಮಕಿ ನಡೆಯುವಾಗ ಹಾರಿಸುವುದು ಪುಕ್ಕಟೆ ಸಿಗುವ ಸಪ್ರೆಸರ್.

ಲಕ್ಷಣ: ಮೊದಲ ಕಿಲ್ ಸಿಗುತ್ತದೆ, ಎರಡನೆಯದಕ್ಕೆ ಕಾಯುವಾಗ ಸಾಯುತ್ತೇನೆ

ಅತಿ ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲೇ, ದೋಷವೂ ಸ್ಪಷ್ಟ: ಜಾಗ ಬಿಡಲಿಲ್ಲ. ಕಾಲ್ ಆಫ್ ಡ್ಯೂಟಿಯ ಕಿಲ್‌ಕ್ಯಾಮ್ ಸತ್ತವರಿಗೆ ನಿಮ್ಮ ಕಣ್ಣಿನಿಂದಲೇ ನಿಮ್ಮ ಗೂಡನ್ನು ತೋರಿಸುತ್ತದೆ. ಕಿಲ್‌ಫೀಡ್‌ನಲ್ಲಿ (ಯಾರು ಯಾರನ್ನು ಕೊಂದರೆಂದು ತೋರಿಸುವ ಪಟ್ಟಿ) ಬಂದೂಕಿನ ಚಿತ್ರ ಬರುವ ಆಟಗಳಲ್ಲಿ ಸ್ನೈಪರ್ ಇದ್ದಾನೆಂದು ಇಡೀ ತಂಡಕ್ಕೆ ತಿಳಿಯುತ್ತದೆ. ಮರುಹುಟ್ಟು ಇರುವ ಮೋಡ್‌ನಲ್ಲಿ ಸತ್ತವರು ಹತ್ತಿಪ್ಪತ್ತು ಸೆಕೆಂಡಿನಲ್ಲಿ ಸೇಡಿಗೆ ಹಾಜರು.

ಎಷ್ಟು ದೂರ ಸರಿಯಬೇಕು? ಪಕ್ಕದ ಕಿಟಕಿ ಸಾಲದು, ಲೆಕ್ಕ ಹಾಕಿ ನೋಡಿ. 200 ಮೀಟರ್ ಆಚೆಯವರ ಕಣ್ಣಿಗೆ ನೀವು 10 ಮೀಟರ್ ಅಡ್ಡ ಸರಿದದ್ದು ಬರೀ 3 ಡಿಗ್ರಿ. ಹಳೆಯ ಕಿಟಕಿಗೆ 8 ಎಕ್ಸ್ ಸ್ಕೋಪ್ ನೆಟ್ಟವರ ವೃತ್ತದೊಳಗೇ ನೀವು ಇನ್ನೂ ಇದ್ದೀರಿ. 40 ಮೀಟರ್ ಸರಿದರೆ 11 ಡಿಗ್ರಿ, ವೃತ್ತದ ಹೊರಗೆ. ಗುರಿ ಎಷ್ಟು ದೂರವೋ ಅದರ ಐದನೇ ಒಂದು ಪಾಲು ಅಡ್ಡಕ್ಕೆ ಸರಿಯುವುದು ನೆನಪಿಟ್ಟುಕೊಳ್ಳಲು ಸುಲಭವಾದ ಅಳತೆ. ಅಡ್ಡಕ್ಕೆ ಎಂಬುದನ್ನು ಮರೆಯಬೇಡಿ: ನೇರ ಹಿಂದಕ್ಕೆ ಐವತ್ತು ಮೀಟರ್ ಓಡಿದರೂ ಅವರ ಸ್ಕೋಪಿನಲ್ಲಿ ನೀವು ಅದೇ ಗೆರೆಯ ಮೇಲಿದ್ದೀರಿ.

ಆದ್ದರಿಂದ ಜಾಗ ಆರಿಸುವಾಗಲೇ ಹೊರಹೋಗುವ ದಾರಿ ನೋಡಿ. ಎರಡನೇ ಜಾಗ ಕಾಣದ ಗೂಡು ಎಷ್ಟೇ ಚೆನ್ನಾಗಿದ್ದರೂ ಅದು ಬೋನು. ಬೋಲ್ಟ್ ಎಳೆದು ಮುಂದಿನ ಗುಂಡು ಸಿದ್ಧಮಾಡುವ ಹೊತ್ತನ್ನೂ ವ್ಯರ್ಥ ಮಾಡಬೇಡಿ. ಕೌಂಟರ್-ಸ್ಟ್ರೈಕ್ 2ರ ಎಡಬ್ಲ್ಯೂಪಿ ಸ್ನೈಪರ್‌ನಲ್ಲಿ ಎರಡು ಗುಂಡುಗಳ ನಡುವೆ ಸುಮಾರು ಒಂದೂವರೆ ಸೆಕೆಂಡ್ ಬಿಡುವು. ಅದು ಮರೆಗೆ ಸರಿಯುವ ಸಮಯ, ಏಟು ತಗುಲಿತೋ ಇಲ್ಲವೋ ಎಂದು ಇಣುಕಿ ನೋಡುವ ಸಮಯವಲ್ಲ. ಅಲ್ಲಿ ಆಟದೊಳಗಿನ 4,750 ಡಾಲರ್ ಕೊಟ್ಟು ಕೊಂಡ ಬಂದೂಕು ನೀವು ಸತ್ತರೆ ಎದುರಾಳಿಯ ಕೈಗೆ ಹೋಗುತ್ತದೆ.

ಒಂದೇ ಜಾಗದಲ್ಲಿ ಎರಡು ಸಲ ಸತ್ತರೆ ಆ ಮ್ಯಾಚ್ ಮಟ್ಟಿಗೆ ಅದನ್ನು ಕೈಬಿಡಿ. ಮೂರನೇ ಸಲ ಹೋಗುವುದು ಹಠ.

ಲಕ್ಷಣ: ಹಿಂದಿನಿಂದ ಬಂದು ಚಾಕು ಹಾಕುತ್ತಾರೆ

ಮೈಕ್ ತೆರೆದಿದೆಯಾ ನೋಡಿ. ನಗಬೇಡಿ. 2022ರ ವಾರ್‌ಝೋನ್ 2.0ರಂತೆ ಹತ್ತಿರದವರ ಮಾತು ಎದುರಾಳಿಗೂ ಕೇಳಿಸುವ ಆಟಗಳಲ್ಲಿ, ಗೆಳೆಯರಿಗೆ ಹೇಳಿದ "ನಾನು ಮಹಡಿ ಮೇಲಿದ್ದೀನಿ" ಮೆಟ್ಟಿಲ ಬುಡದಲ್ಲಿದ್ದವರಿಗೂ ತಲುಪುತ್ತದೆ. ಮಾತನ್ನು ತಂಡಕ್ಕೆ ಸೀಮಿತಗೊಳಿಸಿ, ಇಲ್ಲವೇ ಬಟನ್ ಒತ್ತಿದಾಗ ಮಾತ್ರ ಮೈಕ್ ತೆರೆಯುವಂತೆ ಇಡಿ. ಲೈವ್ ಸ್ಟ್ರೀಮ್ ಮಾಡುವವರು, ಎದುರಾಳಿ ಅದನ್ನು ನೋಡಿ ಜಾಗ ತಿಳಿಯದಂತೆ, ಕೆಲವು ನಿಮಿಷ ತಡವಾಗಿ ಹೋಗುವಂತೆ ಇಡಬೇಕು.

ಜಾಗಕ್ಕೆ ಹೋಗುವಾಗಿನ ಸದ್ದು ನಂತರದ್ದು. ಕೌಂಟರ್-ಸ್ಟ್ರೈಕ್‌ನಲ್ಲಿ ಶಿಫ್ಟ್ ಒತ್ತಿ ನಡೆದರೆ ಹೆಜ್ಜೆ ಕೇಳಿಸದು. ಕೊನೆಯ ಇಪ್ಪತ್ತು ಮೀಟರ್ ಹಾಗೆ ಹೋಗಿ. ಹಂಟ್: ಶೋಡೌನ್‌ನಲ್ಲಿ ಮ್ಯಾಪೇ ಚಾಡಿ ಹೇಳುತ್ತದೆ. ಕಾಗೆಗಳು ಎದ್ದು ಹಾರುತ್ತವೆ, ಒಡೆದ ಗಾಜು ಕಾಲಡಿ ಸದ್ದು ಮಾಡುತ್ತದೆ, ಗೂಡಿನ ನಾಯಿಗಳು ಬೊಗಳುತ್ತವೆ. ಗೋಪುರ ಏರುವ ದಾರಿಯಲ್ಲಿ ಕಾಗೆ ಹಾರಿದ್ದರೆ ನೀವು ಎಷ್ಟು ಮೌನವಾಗಿ ಕೂತರೂ ಪ್ರಯೋಜನವಿಲ್ಲ.

ಸದ್ದೂ ಇಲ್ಲವೆಂದರೆ ರೇಡಾರ್. ಕಾಲ್ ಆಫ್ ಡ್ಯೂಟಿಯಲ್ಲಿ ಯುಎವಿ (ಎದುರಾಳಿಗಳನ್ನು ನಕ್ಷೆಯಲ್ಲಿ ತೋರಿಸುವ ಡ್ರೋನ್) ಹಾರಿದಾಗ ಕೂತವರೂ ಚುಕ್ಕೆಯಾಗಿ ಕಾಣುತ್ತಾರೆ. ಘೋಸ್ಟ್ ಎಂಬ ಪರ್ಕ್ (ಪಾತ್ರಕ್ಕೆ ಆರಿಸಿಕೊಳ್ಳುವ ವಿಶೇಷ ಗುಣ) ಇದಕ್ಕೆ ಮದ್ದು, ಆದರೆ ಬ್ಲ್ಯಾಕ್ ಆಪ್ಸ್ 2ರಲ್ಲಿ ಅದು ಚಲಿಸುತ್ತಿರುವವರಿಗೆ ಮಾತ್ರ ಕೆಲಸ ಮಾಡುತ್ತಿತ್ತು. ಪರ್ಕ್ ಹಾಕಿಕೊಂಡು ಅಲುಗದೆ ಕೂತ ಸ್ನೈಪರ್‌ಗಳು ಅದರಿಂದ ರಕ್ಷಣೆ ಇದೆ ಎಂದುಕೊಂಡೇ ಸಾಯುತ್ತಿದ್ದರು. ನೀವು ಆಡುವ ಆವೃತ್ತಿಯ ವಿವರಣೆಯನ್ನು ಪೂರ್ತಿ ಓದಿ.

ಕೊನೆಗೆ ಬೆನ್ನಿಗೆ ಕಾವಲು: ಕ್ಲೇಮೋರ್ (ಹತ್ತಿರ ಬಂದವರಿಗೆ ಸಿಡಿಯುವ ಮೈನ್), ಬ್ಯಾಟಲ್‌ಫೀಲ್ಡ್‌ನ ಚಲನೆ ಸಂವೇದಕ, ವಿಡೋಮೇಕರ್‌ನ ವಿಷದ ಮೈನ್, ಟೀಮ್ ಫೋರ್ಟ್ರೆಸ್ 2ರಲ್ಲಿ ಸ್ಪೈ ಬೆನ್ನಿಗೆ ಹಾಕುವ ಒಂದು ಚೂರಿಯೇಟನ್ನು ತಡೆಯುವ ರೇಝರ್‌ಬ್ಯಾಕ್. ಕ್ಲೇಮೋರ್ ಬಾಗಿಲ ಎದುರಿಗೇ ಇಟ್ಟರೆ ಬರುವವರು ಕಂಡು ಹೊಡೆದುಹಾಕುತ್ತಾರೆ. ಬಾಗಿಲು ದಾಟಿದ ಮೇಲೆ ಪಕ್ಕದ ಗೋಡೆಗೆ, ಮೆಟ್ಟಿಲ ತಿರುವಿನ ಮರೆಗೆ ಇಡಿ.

ಲಕ್ಷಣ: ಗೋಡೆಯ ಅಂಚಿನಲ್ಲಿ ಇಣುಕಿದರೆ ನನಗೆ ಕಾಣುವ ಮೊದಲೇ ಹೊಡೆತ

ಆಟದ ಕ್ಯಾಮೆರಾ ಇರುವುದು ತಲೆಯ ನಡುವೆ, ಭುಜ ಅದಕ್ಕಿಂತ ಸುಮಾರು ಕಾಲು ಮೀಟರ್ ಹೊರಗೆ. ಗೋಡೆಯಂಚಿನಿಂದ 1 ಮೀಟರ್ ದೂರದಲ್ಲಿ ನಿಂತು ಇಣುಕಿದರೆ, ಆಚೆ 10 ಮೀಟರ್ ದೂರದಲ್ಲಿ ನಿಂತವರಿಗೆ ನಿಮ್ಮ ಭುಜ ಪೂರ್ತಿ 25 ಸೆಂಟಿಮೀಟರ್ ಮೊದಲೇ ಕಾಣುತ್ತದೆ. ಅವರ ಭುಜ ನಿಮಗೆ ಕಾಣಲು ಸಿಗುವ ಮುನ್ನಡೆ ಎರಡೂವರೆ ಸೆಂಟಿಮೀಟರ್ ಅಷ್ಟೇ. ಅಂಚಿಗೆ ಅಂಟಿದವರು ಸೋಲುವುದು ಕೈಚಳಕದ ಕೊರತೆಯಿಂದಲ್ಲ, ರೇಖಾಗಣಿತದಿಂದ. ಜಾಗವಿದ್ದಷ್ಟೂ ಹಿಂದೆ ಸರಿದು ನಿಲ್ಲಿ.

ಹಿಂದೆ ಸರಿದರೂ ಹಾಗೇ ಆದರೆ, ಅದರಲ್ಲೂ ಮರೆಗೆ ಬಂದ ಮೇಲೆ ಸತ್ತಂತಾದರೆ, ಪಿಂಗ್ (ಸರ್ವರ್‌ಗೆ ಸಂದೇಶ ಹೋಗಿ ಬರುವ ಹೊತ್ತು) ನೋಡಿ. 100 ಮಿಲಿಸೆಕೆಂಡ್ ದಾಟಿದ್ದರೆ ಎದುರಾಳಿಯ ಪರದೆಯಲ್ಲಿ ನೀವು ಇನ್ನೂ ಹೊರಗೇ ಇರುತ್ತೀರಿ. ವೈಫೈ ಬಿಟ್ಟು ಕೇಬಲ್, ಹಿನ್ನೆಲೆಯ ಡೌನ್‌ಲೋಡ್ ಬಂದ್, ಹತ್ತಿರದ ಸರ್ವರ್: ಈ ಕ್ರಮದಲ್ಲಿ. ಮೂರೂ ಮಾಡಿದ ಮೇಲೂ ಪಿಂಗ್ ಏರಿಳಿಯುತ್ತಿದ್ದರೆ ಇಂಟರ್ನೆಟ್ ಕೊಡುವವರಿಗೆ ದೂರು ಕೊಡಿ, ಅಲ್ಲಿಯವರೆಗೆ ಅಡಗುವ ಕಲೆಯನ್ನು ದೂಷಿಸಬೇಡಿ.

ಎಲ್ಲ ನೋಡಿದ್ದಾಯಿತು, ಆದರೂ ಕಾಣಿಸುತ್ತಿದ್ದೇನೆ

ಮೈಶಾಖ ತೋರಿಸುವ ಥರ್ಮಲ್ ಸ್ಕೋಪ್ ಇದ್ದವರಿಗೆ ಬಣ್ಣ, ಘಿಲ್ಲಿ ಯಾವುದೂ ಲೆಕ್ಕಕ್ಕಿಲ್ಲ. ಕಾಲ್ ಆಫ್ ಡ್ಯೂಟಿಯಲ್ಲಿ ಕೋಲ್ಡ್-ಬ್ಲಡೆಡ್ ಪರ್ಕ್, ಬೇರೆಡೆ ಗಟ್ಟಿ ಮರೆ ಬೇಕು. ಕ್ಯಾಮೆರಾ ಪಾತ್ರದ ಬೆನ್ನ ಹಿಂದಿರುವ ಥರ್ಡ್ ಪರ್ಸನ್ ಮೋಡ್‌ನಲ್ಲಿ ಎದುರಾಳಿ ಗೋಡೆ ಹಿಂದೆ ನಿಂತೇ, ತನ್ನ ಕೂದಲೂ ತೋರಿಸದೆ ನಿಮ್ಮನ್ನು ನೋಡುತ್ತಿರಬಹುದು. ಅದು ಮೋಡ್‌ನ ಗುಣ; ಬೇಡವೆಂದರೆ ಫಸ್ಟ್ ಪರ್ಸನ್ ಸರ್ವರ್‌ಗೆ ಹೋಗಿ.

ಚೀಟ್ ಎಂಬ ಅನುಮಾನಕ್ಕೆ ಈಗ ಸಮಯ. ಗುಂಡು, ಸದ್ದು, ಯುಎವಿ, ತಂಡದವರು ಗುರುತು ಹಾಕಿ ತೋರಿಸುವ ಸ್ಪಾಟಿಂಗ್ ಯಾವುದೂ ಇಲ್ಲದೆ ಎದುರಾಳಿಯ ಗುರಿ ಗೋಡೆಯಾಚೆಯ ನಿಮ್ಮ ಚಲನೆಯನ್ನೇ ಹಿಂಬಾಲಿಸುವುದು ರೀಪ್ಲೇಯಲ್ಲಿ ಒಂದಕ್ಕಿಂತ ಹೆಚ್ಚು ಸಲ ಕಂಡರೆ, ಆಟದೊಳಗಿನ ರಿಪೋರ್ಟ್ ಬಳಸಿ, ಕ್ಲಿಪ್ ಉಳಿಸಿಡಿ, ಲಾಬಿ ಬಿಡಿ. ಹೆಸರು ಹಾಕಿ ಬಯಲಿಗೆಳೆಯುವುದು, ಚಾಟ್‌ನಲ್ಲಿ ಜಗಳ ಬೇಡ.

ಹುಲ್ಲು ತೆಗೆಯುವ, ನೆರಳು ಅಳಿಸುವ ಫೈಲ್‌ಗಳನ್ನು ಹೊರಗಿನಿಂದ ತಂದು ಹಾಕುವ ಆಸೆ ಬರುತ್ತದೆ. ಆಟದ ಮೆನುವಿನಲ್ಲಿ ಇರುವಷ್ಟನ್ನು ಮಾತ್ರ ಬದಲಿಸಿ. ಆಂಟಿ-ಚೀಟ್ ಇದನ್ನು ಹಿಡಿದರೆ ಖಾತೆಯೇ ಹೋಗಬಹುದು. ಕೌಂಟರ್-ಸ್ಟ್ರೈಕ್ ತಯಾರಿಸುವ ವಾಲ್ವ್‌ನ ಆಂಟಿ-ಚೀಟ್ ವ್ಯವಸ್ಥೆ ವ್ಯಾಕ್ ಹಾಕುವ ಬ್ಯಾನ್‌ಗಳು ಶಾಶ್ವತ. ಅಂಥ ಫೈಲ್‌ಗಳ ಜೊತೆ ಪಾಸ್‌ವರ್ಡ್ ಕದಿಯುವ ಸರಕೂ ಬರಬಹುದು.

ಹೆಜ್ಜೆ ಸದ್ದು ಹಿಡಿಯಲೆಂದು ಹೆಡ್‌ಸೆಟ್ ಜೋರು ಮಾಡಿದವರು ತಮ್ಮದೇ ಸ್ನೈಪರ್‌ನ ಢಂ ಅನ್ನೂ ಅಷ್ಟೇ ಜೋರಾಗಿ ಕೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ, ಪ್ರತಿ 3 ಡೆಸಿಬೆಲ್ ಏರಿದಾಗ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ವಿಂಡೋಸ್‌ನಲ್ಲಿ ಲೌಡ್‌ನೆಸ್ ಈಕ್ವಲೈಸೇಷನ್ ಆಯ್ಕೆ ಇದ್ದರೆ ಹಾಕಿ: ಹೆಜ್ಜೆ ಏರುತ್ತದೆ, ಗುಂಡು ತಗ್ಗುತ್ತದೆ. ಆಟ ನಿಲ್ಲಿಸಿದ ಮೇಲೂ ಕಿವಿಯಲ್ಲಿ ಗುಂಯ್ ಎನ್ನುವುದು ಮರುದಿನಕ್ಕೂ ಉಳಿದರೆ ಹೆಡ್‌ಸೆಟ್ ಕೆಳಗಿಟ್ಟು ಕಿವಿ ವೈದ್ಯರನ್ನು ಕಾಣಿ.